ಒಂದೇ ಗೆರೆ, ಪಕ್ಕದಲ್ಲಿ ಸಹಿ

ಜೂನ್ ೧೯, ಗುರುವಾರ
ಮಧ್ಯಾಹ್ನ, ಊಟದ ಬಿಡುವು

ನನ್ನ ಪುಟ್ಟೀ,

ನಾನಿಲ್ಲಿ ಚೆನ್ನಾಗಿದ್ದೀನಿ, ನೀನೂ ಅಲ್ಲಿ ಚೆನ್ನಾಗಿರಬೇಕು ಅಂತ ಶುರು ಮಾಡೋದು ಪದ್ಧತಿ. ಆ ಸಾಲನ್ನ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹಾಳೆ ಹರಿದು ಬುಟ್ಟಿಗೆ ಹಾಕಿದೆ. ಇದು ಐದನೇ ಹಾಳೆ. ನಾನು ಚೆನ್ನಾಗಿಲ್ಲ ಕಣೇ. ನೀನೂ ಚೆನ್ನಾಗಿರೋಕೆ ಸಾಧ್ಯವಿಲ್ಲ. ಅಷ್ಟನ್ನ ಇಬ್ಬರೂ ಒಪ್ಪಿಕೊಂಡು ಮುಂದಕ್ಕೆ ಹೋಗೋಣ.

ತಡವಾಯ್ತು, ಬೈಕೋಬೇಡ. ಹನ್ನೊಂದು ತಿಂಗಳು. ಫೋನ್ ಮಾಡಬೇಡ, ಮನೆ ಕಡೆ ಬರಬೇಡ ಅಂತ ನೀನೇ ಹೇಳಿದ್ದೆ, ಅದು ನಿಜ. ಅವತ್ತು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ, ನಮ್ಮ ಮಗು ಬುಗುರಿಯ ಎರಡು ಪುಟ್ಟ ಚಪ್ಪಲಿ ಮಡಿಲಲ್ಲಿ ಇಟ್ಕೊಂಡು, ನನ್ನ ಮುಖ ನೋಡದೆ ಹೇಳಿದೆ: "ಪಟ್ಟಿ ಬಿಚ್ಚಿದ ದಿನ ನನ್ನ ಮಗಳಿಗೆ ಯಾವ ಸೂಜಿ ಹಾಕಿದ್ರು ಅಂತ ಒಂದು ಕಾಗದ ಬರಿ ಅಕ್ಕ. ಅಲ್ಲೀವರೆಗೂ ನಿನ್ನ ದನಿ ನನಗೆ ಬೇಡ." ಯಾರಿಗೆ ಯಾವ ಸೂಜಿ ಅನ್ನೋ ಗುಟ್ಟಿನ ಪಟ್ಟಿಯನ್ನ ಮೊನ್ನೆ ಮಂಗಳವಾರ ಬಿಚ್ಚಿದರು. ಅದಕ್ಕೇ ಬರೀತಿದ್ದೀನಿ. ನೇರವಾಗಿ ಅಲ್ಲಿಗೇ ಬರೋಕೆ ಕೈ ಕೇಳ್ತಿಲ್ಲ. ನೀನು ಯಾವಾಗಲೂ ಆಡಿಕೊಳ್ತಿದ್ದೆಯಲ್ಲ, ಅಕ್ಕ ಅಡುಗೆಮನೆಗೆ ಹೋಗೋಕೂ ಊರು ಸುತ್ತಿ ಹೋಗ್ತಾಳೆ ಅಂತ. ಹಾಗೇ ಅಂದ್ಕೋ.

ಮೇಲೆ ತಾರೀಕಿನ ಪಕ್ಕ ಒಂದು ಗೆರೆಯೂ ಪುಟ್ಟ ಸಹಿಯೂ ಕಾಣುತ್ತೆ, ನಗಬೇಡ. ಬುಧವಾರ ಅಂತ ಬರೆದಿದ್ದೆ, ಹೊಡೆದು ಗುರುವಾರ ಮಾಡಿದೆ. ಕೆಲಸದ ಚಾಳಿ. ಇಲ್ಲಿ ಯಾವ ಕಾಗದದಲ್ಲೂ ಗೀಚಿ ಅಳಿಸೋ ಹಾಗಿಲ್ಲ, ಬಿಳಿ ಬಣ್ಣ ಬಳಿಯೋ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಕು ಹಾಕಬೇಕು. ಮನೆಗೆ ತರೋ ಸಾಮಾನಿನ ಚೀಟಿಯಲ್ಲಿ ಈರುಳ್ಳಿ ಹೊಡೆದು ಬೆಳ್ಳುಳ್ಳಿ ಮಾಡಿದ್ರೂ ಸಹಿ ಹಾಕ್ತೀನಿ ಈಗ. ಅಂಗಡಿಯವನು ಹೋದ ವಾರ ಕೇಳೇಬಿಟ್ಟ, "ಸಿಸ್ಟರ್, ಇದನ್ನ ನಾನು ಬ್ಯಾಂಕಿಗೆ ಹಾಕ್ಲಾ?" ಅಂತ.

ಈ ಕಾಗದ ನಿನ್ನ ಮನೆಯವರೂ ಓದಲಿ ಅಂತ ನನ್ನಾಸೆ. ಲಾರಿಯಲ್ಲೇ ತಿಂಗಳುಗಟ್ಟಲೆ ಇರೋ ಮನುಷ್ಯ, ಅವರಿಗೆ ಇದೆಲ್ಲ ಅರ್ಧಂಬರ್ಧ ಗೊತ್ತು. ಅದಕ್ಕೇ ನಿನಗೆ ಗೊತ್ತಿರೋದನ್ನೂ ಬರೀತೀನಿ.

ಒಟ್ಟು ಎರಡು ಸಾವಿರದ ನಾನೂರು ಮಕ್ಕಳು. ಅರ್ಧ ಮಕ್ಕಳಿಗೆ ಮಲೇರಿಯಾದ ಹೊಸ ಲಸಿಕೆ. ಇನ್ನರ್ಧಕ್ಕೆ ಹುಚ್ಚುನಾಯಿ ಕಡಿತಕ್ಕೆ ಕೊಡೋ ಹಳೇ ಲಸಿಕೆ. ಯಾವ ಮಗುವೂ ಬರೀ ನೀರು ಚುಚ್ಚಿಸಿಕೊಂಡು ಹೋಗಬಾರದು, ಅಳೋದಕ್ಕೆ ಏನಾದರೂ ಪ್ರಯೋಜನ ಆಗಲಿ ಅಂತ. ಯಾರಿಗೆ ಯಾವುದು ಅಂತ ತಾಯಂದಿರಿಗೂ ಗೊತ್ತಿಲ್ಲ, ಚುಚ್ಚೋ ನಮಗೂ ಗೊತ್ತಿಲ್ಲ, ಇದನ್ನೆಲ್ಲ ನಡೆಸೋ ದೊಡ್ಡ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಒಳಕೋಣೆಯಲ್ಲಿ ಔಷಧ ತುಂಬಿ, ಬಣ್ಣ ಕಾಣದ ಹಾಗೆ ಸಿರಿಂಜಿಗೆ ಬಿಳಿ ಟೇಪು ಸುತ್ತಿ, ಗೋಡೆಯ ಕಿಂಡಿಯಿಂದ ನಮ್ಮ ಕೈಗೆ ಕೊಡ್ತಿದ್ದರು. ಮೇಲೆ ಮಗುವಿನ ನಂಬರು ಮಾತ್ರ. ಬುಗುರಿಯದು ಸಾವಿರದ ನೂರ ಅರವತ್ಮೂರು.

ಊಹೆ ಮಾಡೋದೂ ತಪ್ಪು ಇಲ್ಲಿ. ದೊಡ್ಡ ಡಾಕ್ಟರಮ್ಮ ಮೊದಲನೇ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ್ದರು: "ಊಹೆ ಮಾಡೋ ನರ್ಸು ನನಗೆ ಬೇಡ. ಊಹೆ ಬಂದ್ರೆ ಬಾತ್‌ರೂಮಿಗೆ ಹೋಗಿ ಮುಖ ತೊಳ್ಕೊಂಡು ಬನ್ನಿ. ಇದು ಅಸಲಿ ಸೂಜಿ ಅಂತ ನಿಮಗೆ ಅನ್ನಿಸಿದ ಕೂಡಲೆ ನೀವು ಆ ಮಗುವನ್ನ ಬೇರೆ ಥರ ನೋಡ್ತೀರಿ. ತಾಯಿ ಜೊತೆ ಬೇರೆ ಥರ ಮಾತಾಡ್ತೀರಿ. ಅಲ್ಲಿಗೆ ನನ್ನ ಹದಿಮೂರು ವರ್ಷದ ಕೆಲಸ ನೀರಲ್ಲಿ ಹೋಮ." ಎಲ್ಲರೂ ತಲೆ ಆಡಿಸಿದ್ವಿ. ಆಮೇಲೆ ಟೀ ಕುಡಿಯೋವಾಗ ಎಲ್ಲರೂ ಊಹೆ ಮಾಡಿದ್ವಿ. ತೋಳು ಕೆಂಪಗೆ ಊದಿಕೊಂಡ್ರೆ ಅಸಲಿ, ಊದದಿದ್ರೆ ನಾಯಿದು. ನಮ್ಮ ನಮ್ಮಲ್ಲೇ ಇಟ್ಟುಕೊಂಡಿದ್ದ ಶಾಸ್ತ್ರ ಅದು. ಬಾತ್‌ರೂಮಿಗೆ ಹೋಗಿ ಮುಖ ತೊಳೆದವರು ಯಾರೂ ಇಲ್ಲ.

ಬುಗುರಿಯನ್ನ ಇದಕ್ಕೆ ಸೇರಿಸಿದ್ದು ನಾನು. ನಿನಗೆ ಸುತರಾಂ ಇಷ್ಟವಿರಲಿಲ್ಲ. "ಪ್ರಯೋಗಕ್ಕೆ ನಮ್ಮ ಮಗುನೇ ಬೇಕಿತ್ತಾ?" ಅಂತ ನಿನ್ನ ಮನೆಯವರು ಕೇಳಿದರು. ನಾನು ಹೊಲಿಗೆ ಮಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಭಾಷಣ ಬಿಗಿದೆ. ಊರವರ ಮಕ್ಕಳಿಗೆಲ್ಲ ನಾನು ಚುಚ್ಚಿ, ನನ್ನ ತಂಗಿ ಮಗಳನ್ನ ಮಾತ್ರ ಬಚ್ಚಿಟ್ರೆ ಯಾವ ಮುಖ ಇಟ್ಕೊಂಡು ಆ ತಾಯಂದಿರ ಮನೆ ಬಾಗಿಲು ತಟ್ಟಲಿ ಅಂತ ಕೇಳಿದೆ. ನೀನು ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿ, "ಆಯ್ತು ಬಿಡು, ಅಕ್ಕ ಹೇಳಿದ ಮೇಲೆ ಮುಗೀತು" ಅಂದೆ. ಅಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆದವಳು ನಾನು, ನಿನ್ನ ಪರೀಕ್ಷೆಗೆ ಓದಿಸಿದವಳು ನಾನು, ನಿನಗೆ ಗಂಡು ನೋಡಿದವಳೂ ನಾನು. ಅಕ್ಕ ಹೇಳಿದ ಮೇಲೆ ಮುಗೀತು ಅನ್ನೋದು ನಿನಗೆ ಹುಟ್ಟಿನಿಂದ ಬಂದ ರೋಗ.

ಆ ಮಗು ಇಲ್ಲಿಗೆ ಬಂದ್ರೆ ಕಟ್ಟಡ ಪೂರ್ತಿ ಎದ್ದು ಕೂರ್ತಿತ್ತು. ಮೂರು ವರ್ಷದ ಹುಡುಗಿ, ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತೋದು. ಬುಗುರಿ ಅಂತ ಹೆಸರಿಟ್ಟಿದ್ದು ನಾನಾದ್ರೂ ಕರೆದಿದ್ದು ಎಲ್ಲರೂ. ನಮ್ಮ ಸೊಳ್ಳೆಮಾವ ನೆನಪಿದ್ದಾರಲ್ಲ, ಹಿಂದಿನ ಬೆಚ್ಚಗಿನ ಕೋಣೆಯಲ್ಲಿ ಪಂಜರಗಳಲ್ಲಿ ಸೊಳ್ಳೆ ಸಾಕೋರು? ಕೈಯನ್ನ ಪಂಜರದೊಳಗೆ ಇಟ್ಟು, "ಸ್ವಲ್ಪ ತಾಳಿ, ನನ್ನ ಹೆಣ್ಮಕ್ಕಳು ಊಟಕ್ಕೆ ಕೂತಿದ್ದಾರೆ" ಅಂತ ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸೋರು. ಬುಗುರಿ ಜಾಲರಿಗೆ ಮೂಗು ಒತ್ತಿ ಕೇಳಿದ್ದಳು, "ಇವರ ಅಮ್ಮ ಎಲ್ಲಿ?" ಅಂತ. ಅವರು, "ಇವರೇ ಎಲ್ಲ ಅಮ್ಮಂದಿರು ಕಣಮ್ಮ. ಮೊಟ್ಟೆ ಇಡೋಕೆ ಅಂತಲೇ ರಕ್ತ ಕುಡಿಯೋದು" ಅಂದರು. ಇವಳು ದೊಡ್ಡವಳ ಥರ ಯೋಚನೆ ಮಾಡಿ, "ಹಾಗಾದ್ರೆ ಕುಡೀಲಿ ಬಿಡಿ" ಅಂದಳು. ಸೊಳ್ಳೆಮಾವ ಇವತ್ತಿಗೂ ಅದನ್ನ ನೆನೆಸಿಕೊಂಡ್ರೆ ಪಂಜರದ ಕಡೆ ತಿರುಗಿಕೊಳ್ತಾರೆ. ಆ ಸೊಳ್ಳೆಗಳಲ್ಲಿ ರೋಗ ಇರಲಿಲ್ಲ, ಅದು ನಿನಗೂ ಗೊತ್ತು. ರೋಗ ಇದ್ದದ್ದು ನಿಮ್ಮ ಬೀದಿಯ ಕೊನೆಯ ಹಳ್ಳದಲ್ಲಿ.

ಮೂರು ಸೂಜಿ, ತಿಂಗಳಿಗೊಂದು. ಸ್ವಂತದವರಿಗೆ ಸ್ವಂತದವರು ಚುಚ್ಚಬಾರದು ಅಂತ ನಿಯಮ. ಮೊದಲೆರಡನ್ನ ಬೇರೆ ನರ್ಸು ಹಾಕಿದ್ದಳು. ಮೂರನೇ ಸಲ ಇವಳು ಬಾಗಿಲ ಕಂಬ ಹಿಡಿದು, "ದೊಡ್ಡಮ್ಮನೇ ಬೇಕು" ಅಂತ ಕಟ್ಟಡ ಕಿತ್ತುಹೋಗೋ ಹಾಗೆ ಕೂಗಿದಳು. ಹಿಂದೆ ಇಪ್ಪತ್ತು ಮಕ್ಕಳ ಸಾಲು. ಆಯ್ತು ಅಂತ ನಾನೇ ಕೂರಿಸಿಕೊಂಡೆ. "ಹೇಳ್ಕೊಂಡು ಚುಚ್ಚು ದೊಡ್ಡಮ್ಮ" ಅಂದಳು. ಒಂದು, ಎರಡು, ಮೂರು ಅಂತ ಎಣಿಸೋಣ ಅಂದೆ. ಅವಳು ಒಂದು, ಎರಡು, ಐದು ಅಂತ ಎಣಿಸಿ, ದೊಡ್ಡಮ್ಮನಿಗೇ ಮೋಸ ಮಾಡಿದೆ ಅಂತ ನಕ್ಕು, ಸೂಜಿ ಒಳಗಿರೋವಾಗಲೇ ನನ್ನ ಕಡೆ ತಿರುಗಿಬಿಟ್ಟಳು. ಸೂಜಿ ಒಳಗೇ ಅಲ್ಲಾಡಿತು. ಮೂರು ವರ್ಷದ ಮಗು, ನಗ್ತಾ ನಗ್ತಾ ಅತ್ತಳು. ಮಾರನೇ ದಿನ ನಾನು ನಿಮ್ಮ ಮನೆಗೆ ಬಂದಾಗ ತೋಳು ನಿಂಬೆಹಣ್ಣಿನಷ್ಟು ಊದಿತ್ತು.

ಆಮೇಲಿನ ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಅದು ಆಯ್ತು. ಗುರುವಾರ ಮಧ್ಯಾಹ್ನ ಮೈ ಬಿಸಿ, ಶುಕ್ರವಾರ ಪೂರ್ತಿ ಜ್ವರ, ಶನಿವಾರ ಬೆಳಿಗ್ಗೆ ಫಿಟ್ಸ್ ಬಂತು, ಆಟೋದಲ್ಲಿ ಎತ್ಕೊಂಡು ಬಂದೆ ನೀನು. ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದಾಗ ಎಲ್ಲಿ ನೋಡಿದ್ರೂ ಮಲೇರಿಯಾ. ಸಂಜೆ ಐದಕ್ಕೆ ಮುಗೀತು. ನಿನ್ನ ಮನೆಯವರ ಲಾರಿ ಆಗ ಎಷ್ಟೋ ದೂರದಲ್ಲಿತ್ತು. ನೀನು ಅಳಲಿಲ್ಲ. ನಾನೂ ಅಳಲಿಲ್ಲ, ನನಗೆ ಡ್ಯೂಟಿ ಇತ್ತು.

ಬುಧವಾರ ತಪಾಸಣೆಯವರು ಮೂವರು ಬಂದರು. ಮಗು ಹೋದ್ರೆ ಯಾಕೆ ಹೋಯ್ತು ಅಂತ ಕೇಳಲೇಬೇಕು, ಅದು ಅವರ ಕೆಲಸ. ಜ್ವರ ಬಂದ ದಿನವೇ, ಯಾವ ಸೂಜಿ ಬಿದ್ದಿದ್ರೂ ಸರಿ, ಮಗುವನ್ನ ಕರ್ಕೊಂಡು ಬರಬೇಕು ಅಂತ ಪ್ರತಿ ತಾಯಿಯ ಬಾಯಲ್ಲೂ ಹೇಳಿಸ್ತಿದ್ವಿ. ನೀನೂ ಹೇಳಿದ್ದೆ. "ಹಾಗಿದ್ರೆ ಎರಡು ದಿನ ಯಾಕಮ್ಮ ತಡ ಮಾಡಿದ್ರಿ? ಯಾರಿಗಾದ್ರೂ ತಿಳಿಸಿದ್ರಾ?" ಅಂತ ಕೇಳಿದರು. ನೀನು ನೆಲ ನೋಡಿಕೊಂಡು, "ಯಾರಿಗೂ ತಿಳಿಸಲಿಲ್ಲ. ಮಾಮೂಲಿ ಜ್ವರ ಅಂದ್ಕೊಂಡೆ. ನನ್ನದೇ ಅಸಡ್ಡೆ" ಅಂದೆ. ಬರೆದುಕೊಳ್ಳೋಕೆ ಅಲ್ಲಿ ಕೂತಿದ್ದವಳು ನಾನು. "ತಾಯಿಯ ಅಸಡ್ಡೆಯಿಂದ ಎರಡು ದಿನ ತಡ. ಯಾರಿಗೂ ತಿಳಿಸಿರಲಿಲ್ಲ." ನನ್ನ ಗುಂಡು ಅಕ್ಷರದಲ್ಲಿ. ಕೆಳಗೆ ನೀನು ಸಹಿ ಹಾಕಿದೆ, ಪಕ್ಕದಲ್ಲಿ ನಾನು.

ನಿನ್ನ ಮನೆಯವರು ಹೋದ ತಿಂಗಳು ಇಲ್ಲಿಗೆ ಬಂದಿದ್ದರು, ನಿನಗೆ ಹೇಳಿರಲಾರರು. ಗೇಟಿನ ಹೊರಗೆ ಲಾರಿ ನಿಲ್ಲಿಸಿ, ಒಳಗೆ ಬರೋಕೆ ಒಪ್ಪದೆ, ಕಾಂಪೌಂಡ್ ಗೋಡೆ ಹತ್ತಿರ ನಿಂತರು. ಅರ್ಧ ಆಳಾಗಿದ್ದಾರೆ. "ನಿಮ್ಮ ತಂಗಿ ಎರಡು ದಿನ ಮಗುನ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದಳಲ್ಲ ಅಕ್ಕ. ನೀವು ನೂರು ಸಲ ಹೇಳಿದ್ರಿ. ಅವಳಿಗೆ ಕಿವಿ ಇರಲಿಲ್ವಾ? ನಾನು ಅವಳ ಕೈಯ ಊಟ ಬಿಟ್ಟು ಆರು ತಿಂಗಳಾಯ್ತು. ಬಾಯಿಗೆ ಇಟ್ರೆ ಇಳಿಯಲ್ಲ" ಅಂದರು. ನಾನು ಅವರಿಗೆ ಕುಡಿಯೋಕೆ ನೀರು ತಂದುಕೊಟ್ಟೆ. ಲೋಟ ವಾಪಸ್ ತಗೊಂಡೆ. ಇನ್ನೇನೂ ಹೇಳಲಿಲ್ಲ.

ಸರಿ, ಮಂಗಳವಾರದ ವಿಷಯಕ್ಕೆ ಬರ್ತೀನಿ. ಸುತ್ತಿದ್ದು ಸಾಕು.

ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಮೇಲಿನ ಹಾಲಿಗೆ ಕರೆದರು. ಗುಡಿಸೋರು, ಡ್ರೈವರುಗಳು, ಸೊಳ್ಳೆಮಾವ, ನಾವು ಹನ್ನೊಂದು ನರ್ಸುಗಳು. ದೊಡ್ಡ ಡಾಕ್ಟರಮ್ಮ ಮೈಕು ಹಿಡಿದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು, ಕೊನೆಗೆ ಹೇಳಿದರು. ನಾಯಿ ಕಡಿತದ ಲಸಿಕೆ ಬಿದ್ದ ಗುಂಪಿನಲ್ಲಿ ನೂರು ಮಕ್ಕಳಿಗೆ ಮಲೇರಿಯಾ ಬಂದಿದ್ರೆ, ಅಸಲಿ ಬಿದ್ದ ಗುಂಪಿನಲ್ಲಿ ಮೂವತ್ತೇಳು ಮಕ್ಕಳಿಗೆ ಮಾತ್ರ. ಲಸಿಕೆ ಕೆಲಸ ಮಾಡುತ್ತೆ. ಪೂರ್ತಿ ಅಲ್ಲ, ಆದರೆ ಮಾಡುತ್ತೆ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಡ್ರೈವರೊಬ್ಬ ಶಿಳ್ಳೆ ಹಾಕಿದ. ದೊಡ್ಡ ಡಾಕ್ಟರಮ್ಮ ಹದಿಮೂರು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ಅತ್ತರು. ನಾನೂ ಚಪ್ಪಾಳೆ ಹೊಡೆದೆ ಪುಟ್ಟಿ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ನನಗೆ ಸಂತೋಷವೇ ಆಯ್ತು. ಎಷ್ಟು ಮಕ್ಕಳ ತೋಳು ಹಿಡಿದಿದ್ದೀನಿ ನಾನು, ಎಷ್ಟು ಮಕ್ಕಳ ಮೂತ್ರದಲ್ಲಿ ಸೀರೆ ನೆನೆಸಿಕೊಂಡಿದ್ದೀನಿ. ಸಂತೋಷವಾದ ಮೇಲೆ ನನ್ನ ಕೈಗಳನ್ನ ನಾನೇ ನೋಡಿಕೊಂಡೆ, ನಾಚಿಕೆಯಾಯ್ತು, ಕೆಳಗೆ ಇಳಿಸಿದೆ.

ಆಮೇಲೆ ಒಬ್ಬೊಬ್ಬ ನರ್ಸಿಗೂ ಅವರವರು ನೋಡಿಕೊಳ್ತಿದ್ದ ಬೀದಿಗಳ ಮಕ್ಕಳ ಹಾಳೆ ಕೊಟ್ಟರು. ನನ್ನ ಕೈಗೆ ನಿಮ್ಮ ಕಡೆಯ ನಾಲ್ಕು ಹಾಳೆ ಬಂತು. ನಾನು ಕೆಳಗಿಳಿದು, ಸಿರಿಂಜು ಕೊಡ್ತಿದ್ದ ಆ ಕಿಂಡಿಯ ಮುಂದೆ ಹೋಗಿ ನಿಂತೆ, ಯಾಕೆ ಅಂತ ಗೊತ್ತಿಲ್ಲ. ಮೂರನೇ ಹಾಳೆಯ ಮಧ್ಯದಲ್ಲಿ ಇತ್ತು. ಸಾವಿರದ ನೂರ ಅರವತ್ಮೂರು. ಪಕ್ಕದಲ್ಲಿ: ನಾಯಿ ಕಡಿತದ ಲಸಿಕೆ.

ಬರೆದುಬಿಟ್ಟೆ. ನಿನ್ನ ಮಗಳಿಗೆ ಅಸಲಿ ಸೂಜಿ ಬಿದ್ದಿರಲಿಲ್ಲ. ಮೂರಕ್ಕೆ ಮೂರೂ ನಾಯಿ ಕಡಿತದ್ದು.

ನಾನು ಎಷ್ಟು ಹೊತ್ತು ಅಲ್ಲಿದ್ದೆನೋ, ದೊಡ್ಡ ಡಾಕ್ಟರಮ್ಮನೇ ಹುಡುಕಿಕೊಂಡು ಬಂದರು. ಹಾಳೆ ನೋಡಿದರು. ನನ್ನ ಭುಜದ ಮೇಲೆ ಕೈಯಿಟ್ಟು, "ಸಿಸ್ಟರ್, ಆ ಗುಂಪಿನ ಮಕ್ಕಳು ಇದ್ದಿದ್ದಕ್ಕೇ ಈ ಲಸಿಕೆ ಕೆಲಸ ಮಾಡುತ್ತೆ ಅಂತ ನಮಗೆ ಗೊತ್ತಾಗಿದ್ದು. ನಿಮ್ಮ ಮಗುವೂ ಅದರಲ್ಲಿದ್ದಳು. ಮುಂದೆ ಬದುಕೋ ಮಕ್ಕಳಲ್ಲಿ ಅವಳ ಪಾಲಿದೆ" ಅಂದರು. ಅವರ ಕೆನ್ನೆಗೆ ಹೊಡೀಬೇಕು ಅನ್ನಿಸ್ತು ಕಣೇ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಅದಕ್ಕೇ ಇನ್ನೂ ಹೊಡೀಬೇಕು ಅನ್ನಿಸ್ತು. ಮಗು ಸತ್ತದ್ದು ಲೆಕ್ಕಕ್ಕೆ ಬಂತು ಅಂದ್ರೆ ಸಮಾಧಾನ ಪಡಬೇಕಾ, ಹೇಳು. ಲೆಕ್ಕಕ್ಕೆ ಬಾರದೆ ಬದುಕಿದ್ರೆ ಸಾಕಿತ್ತು.

ಇನ್ನೊಂದು ಸುದ್ದಿ. ನಾಯಿ ಕಡಿತದ ಲಸಿಕೆ ಬಿದ್ದ ಎಲ್ಲ ಮಕ್ಕಳಿಗೂ ಸೋಮವಾರದಿಂದ ಅಸಲಿ ಸೂಜಿ ಹಾಕ್ತಾರೆ. ಕಂಪ್ಯೂಟರಿನಿಂದ ಮನೆಮನೆಗೆ ಕಾರ್ಡು ಅಚ್ಚಾಗಿ ಬಂತು. ನಿನ್ನೆ ಅವನ್ನ ಬೀದಿವಾರು ಜೋಡಿಸ್ತಾ ಕೂತಿದ್ದೆ, ನಿಮ್ಮ ಮನೆಯದೂ ಬಂತು. ಒಂದು ರಿಜಿಸ್ಟರಿನಲ್ಲಿ ಅವಳ ನಂಬರು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಮುಚ್ಚೋಕೆ ಮರೆತಿದ್ದಾರೆ. "ನಿಮ್ಮ ಮಗುವನ್ನು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕರೆತನ್ನಿ. ಕುಡಿಯುವ ನೀರು ಮತ್ತು ಮಗುವಿಗೆ ಇಷ್ಟವಾದ ಒಂದು ಆಟಿಕೆ ತನ್ನಿ." ನಾನು ಅದನ್ನ ಕಟ್ಟಿನಿಂದ ಎಳೆದು ಬ್ಯಾಗಿಗೆ ಹಾಕಿಕೊಂಡೆ. ನಾನಲ್ಲದೆ ಬೇರೆ ಯಾರಾದ್ರೂ ಜೋಡಿಸಿದ್ದರೆ ಅದು ನಿನ್ನ ಬಾಗಿಲಿಗೆ ಬರ್ತಿತ್ತು, ನೀನೇ ನಿನ್ನ ಕೈಯಿಂದ ತೆಗೀತಿದ್ದೆ.

ಅಷ್ಟೇ ಪುಟ್ಟಿ. ನೀನು ಕೇಳಿದ್ದು ಇಷ್ಟೇ, ಹೇಳಿದೆ. ಇನ್ನೊಂದು ಮಾತಿದೆ, ಅದು ಬಾಯಿಗೆ ಬಂದು ನಿಂತಿದೆ, ಇಳೀತಿಲ್ಲ. ಅಂಚೆ ಡಬ್ಬಿ ಎರಡಕ್ಕೆ ತೆಗೀತಾರೆ, ನಾನು ಹೊರಡಬೇಕು.

ಹೊತ್ತು ಹೊತ್ತಿಗೆ ಒಂದಿಷ್ಟು ತಿನ್ನು. ಮಷಿನ್ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ, ನಿನ್ನ ಬೆನ್ನು ಅಮ್ಮನ ಬೆನ್ನು. ದೇವರು ಅನ್ನೋನು ಇದ್ರೆ ನಿನ್ನನ್ನ ಕಾಪಾಡಲಿ, ಇಲ್ಲದಿದ್ರೆ ನಿನ್ನ ಮನೆಯವರಿಗಾದ್ರೂ ಒಳ್ಳೆ ಬುದ್ಧಿ ಬರಲಿ. ನೂರು ವರ್ಷ ಬಾಳು ಅಂತ ಹರಸೋಕೆ ಧೈರ್ಯವಿಲ್ಲ, ನಾಳೆ ಬೆಳಿಗ್ಗೆ ಎದ್ದು ಮುಖ ತೊಳೆಯೋಷ್ಟು ಶಕ್ತಿ ನಿನಗೆ ಬರಲಿ ಅಂತ ಹರಸ್ತೀನಿ. ನಾಡಿದ್ದಿಗೂ ಅಷ್ಟೇ.

ನಿನ್ನ,
ಅಕ್ಕ

ತಾ.ಕ.:
ಅದೇ ದಿನ, ಸಂಜೆ ಐದು ಗಂಟೆ.

ಕವರು ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ಕೈ ಒಳಗೂ ಇಟ್ಟಿದ್ದೆ. ವಾಪಸ್ ಬಂದು ಹರಿದು ತೆಗೆದೆ. ಆ ಮಾತಿಲ್ಲದ ಕಾಗದ ಹಾಕಿದ್ರೆ ನಾನು ಮನುಷ್ಯಳೇ ಅಲ್ಲ.

ಶುಕ್ರವಾರ ಹನ್ನೊಂದೂವರೆಗೆ ನೀನು ನನಗೆ ಫೋನ್ ಮಾಡಿದ್ದೆ. "ಅಕ್ಕ, ನಿನ್ನೆಯಿಂದ ಮೈ ಸುಡ್ತಿದೆ. ಕರ್ಕೊಂಡು ಬರ್ಲಾ?" ಅಂದೆ. ನಾನು ಆಗ ಟೀ ಕುಡೀತಿದ್ದೆ. ಟೀ ಲೋಟ ಕೆಳಗಿಡದೆ ಹೇಳಿದೆ: "ಯಾರಿಗೂ ಹೇಳಬೇಡ, ಅವಳಿಗೆ ಬಿದ್ದಿರೋದು ಅಸಲಿ ಸೂಜಿ ಕಣೇ. ತೋಳು ಊದಿದ್ದನ್ನ ನಾನೇ ನೋಡಿದ್ದೀನಿ. ನೆಗಡಿ ಜ್ವರ ಇರುತ್ತೆ. ಈ ಬಿಸಿಲಲ್ಲಿ ಬಸ್ಸು ಹತ್ತಿಸಬೇಡ, ನಾಳೆ ನೋಡೋಣ." ನೀನು ಮತ್ತೆ ಕೇಳಿದೆ, "ನಿಜವಾಗ್ಲೂ?" ಅಂತ. ನಾನು ನಕ್ಕು, "ಅಕ್ಕ ಹೇಳಿದ ಮೇಲೆ ಮುಗೀತು" ಅಂದೆ. ಹಿಂದಿನಿಂದ ಅವಳು "ದೊಡ್ಡಮ್ಮನಾ? ಕೊಡು" ಅಂತ ಕೇಳ್ತಿದ್ದಳು. ಆಮೇಲೆ ಮಾಡು ಅಂತ ಇಟ್ಟುಬಿಟ್ಟೆ, ಟೀ ಆರಿಹೋಗುತ್ತೆ ಅಂತ.

ಅಸಲಿ ಸೂಜಿಯೇ ಬಿದ್ದಿದ್ರೂ ಆ ಮಾತು ಹೇಳಬಾರದಿತ್ತು. ಅಸಲಿ ಬಿದ್ದ ಮಕ್ಕಳಲ್ಲೂ ಮಲೇರಿಯಾ ಬಂದವರಿದ್ದಾರೆ, ಮೇಲೆ ನಾನೇ ಬರೆದಿದ್ದೀನಲ್ಲ. ತೋಳು ಊದಿದ್ದು ಔಷಧದಿಂದ ಅಲ್ಲ. ಅವಳು ನಕ್ಕು ತಿರುಗಿದಾಗ ನನ್ನ ಕೈಯ ಸೂಜಿ ಒಳಗೆ ಅಲ್ಲಾಡಿತಲ್ಲ, ಅದರಿಂದ. ನನ್ನ ಕೈ ಮಾಡಿದ ಗಾಯವನ್ನ ನೋಡಿ, ಅವಳಿಗೆ ರಕ್ಷಣೆ ಸಿಕ್ಕಿದೆ ಅಂತ ನಿನಗೆ ಭರವಸೆ ಕೊಟ್ಟೆ.

ಆ ಫೋನಿನ ವಿಷಯ ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ತಪಾಸಣೆಯವರಿಗೆ ನೀನು ಹೇಳಲಿಲ್ಲ. ಗಂಡ ಮಾತು ಬಿಟ್ರೂ, ಊಟ ಬಿಟ್ರೂ ಹೇಳಲಿಲ್ಲ. ಅವತ್ತು ಮೆಟ್ಟಿಲ ಮೇಲೆ ನನಗೂ ಅದನ್ನ ಆಡಿ ತೋರಿಸಲಿಲ್ಲ. ಅಕ್ಕನ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ನಾನು ಅದನ್ನ ನೋಡಿಕೊಂಡು, ಉಂಡುಕೊಂಡು, ಸಂಬಳ ತಗೊಂಡು ಹನ್ನೊಂದು ತಿಂಗಳು ಇದ್ದೆ.

ಅಂಚೆ ಡಬ್ಬಿಯಿಂದ ನೇರ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಸಿಸ್ಟರ್, ಆ ಫೈಲು ತಗೊಂಡು ಬನ್ನಿ" ಅಂದರು. ಸೋಮವಾರದಿಂದ ಸೂಜಿ ನನ್ನ ಕೈಗಿಲ್ಲ. ಮುಂದಿನದ್ದನ್ನ ತಪಾಸಣೆಯವರು ನಿರ್ಧಾರ ಮಾಡ್ತಾರೆ, ಮಾಡಲಿ. ನಿನ್ನ ಮನೆಯವರಿಗೆ ಬೇರೆ ಕಾಗದ ಬರೆದು ಲಾರಿ ಆಫೀಸಿನ ವಿಳಾಸಕ್ಕೆ ಹಾಕ್ತಿದ್ದೀನಿ, ಇದರ ಜೊತೆಗೇ. ಕಿವಿ ಇರಲಿಲ್ವಾ ಅಂತ ಕೇಳಿದ್ದರಲ್ಲ, ಕಿವಿ ಇತ್ತು ಅಂತ ಬರೆದಿದ್ದೀನಿ. ನನ್ನ ಮಾತು ಕೇಳಿದ್ದೇ ತಪ್ಪಾಯ್ತು ಅಂತ. ಬೈಯೋದಿದ್ರೆ ಇಲ್ಲಿಗೆ ಬಂದು ಬೈಲಿ, ಈ ಸಲ ನೀರು ಕೊಟ್ಟು ಸುಮ್ಮನಾಗಲ್ಲ.

ನೀನು ನನ್ನನ್ನ ಕ್ಷಮಿಸಬೇಡ. ಅದನ್ನ ಕೇಳೋಕೆ ಇದನ್ನ ಬರೆದಿಲ್ಲ.

ಫೈಲಿನ ಆ ಪುಟ ತೆಗೆದು, ನಿಯಮದ ಪ್ರಕಾರ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: "ತಾಯಿ ಶುಕ್ರವಾರವೇ ಫೋನ್ ಮಾಡಿ ಕೇಳಿದ್ದರು. ಬರಬೇಡ ಎಂದವಳು ನಾನು." ಸಹಿ ಹಾಕಿದೆ, ಇವತ್ತಿನ ತಾರೀಕು ಹಾಕಿದೆ. ಗೆರೆಯ ಕೆಳಗಿರೋದು ಇನ್ನೂ ಓದೋಕೆ ಬರುತ್ತೆ ಪುಟ್ಟಿ. ಅಕ್ಕನ ಹೆಸರು ಬರಬಾರದು ಅಂತ ನೀನು ಹೇಳಿದ ಸುಳ್ಳು, ನನ್ನ ಅಕ್ಷರದಲ್ಲಿ.